ಹಳೆಯ ಎಳೆ, ಹೊಸ ಎಳೆ

ಜರ್ಮನಿಯ ಉತ್ತರದ ತುದಿಯಲ್ಲಿ, ಬಾಲ್ಟಿಕ್ ಸಮುದ್ರದ ದಡದಲ್ಲಿ ಕೀಲ್ ಎಂಬ ಬಂದರು ನಗರವಿದೆ. 1876ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ವಾಲ್ಟರ್ ಫ್ಲೆಮಿಂಗ್ ತಮ್ಮ ಅಧ್ಯಯನಕ್ಕೆ ಆರಿಸಿಕೊಂಡದ್ದು ಸಾಲಮಾಂಡರ್ ಮರಿಗಳನ್ನು. ನೋಡಲು ಹಲ್ಲಿಯ ಹಾಗಿದ್ದರೂ ಸಾಲಮಾಂಡರ್ ಕಪ್ಪೆಯ ಬಳಗದ ಪ್ರಾಣಿ. ನೀರಿನಲ್ಲಿ ಬೆಳೆಯುವ ಅದರ ಮರಿಗಳ ಬಾಲದ ಅಂಚು ಮತ್ತು ಕಿವಿರು ಬೆಳಕು ಹಾಯುವಷ್ಟು ತೆಳುವಾಗಿರುತ್ತವೆ. ಕೋಶಗಳು ದೊಡ್ಡವು, ಕೋಶದೊಳಗಿನ ನ್ಯೂಕ್ಲಿಯಸ್ ಕೂಡ ದೊಡ್ಡದು. ಒಂದು ಕೋಶ ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕೆಂದು ಹೊರಟವರಿಗೆ ಇದಕ್ಕಿಂತ ಅನುಕೂಲದ ಪ್ರಾಣಿ ಸಿಗುವುದು ಕಷ್ಟ.

ಕೋಶ ಕೋಶದಿಂದಲೇ ಹುಟ್ಟುತ್ತದೆ ಎಂಬುದನ್ನು ವೈದ್ಯ ವಿಜ್ಞಾನಿ ರುಡಾಲ್ಫ್ ವಿರ್ಶೋ 1850ರ ದಶಕದಲ್ಲೇ ಸಾರಿದ್ದರು. ಹೇಗೆ ಹುಟ್ಟುತ್ತದೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಕೋಶ ಒಡೆಯುವ ಹೊತ್ತಿಗೆ ನಡುವಿನ ನ್ಯೂಕ್ಲಿಯಸ್ ಕಣ್ಮರೆಯಾಗುತ್ತದೆ, ಆಮೇಲೆ ಎರಡು ನ್ಯೂಕ್ಲಿಯಸ್ ಕಾಣಿಸಿಕೊಳ್ಳುತ್ತವೆ. ಹಳೆಯದು ಕರಗಿ ಹೊಸವೆರಡು ಹುಟ್ಟಿದವೇ, ಇಲ್ಲ ಹಳೆಯದೇ ಎರಡು ಪಾಲಾಯಿತೇ? ಬಣ್ಣವಿಲ್ಲದ, ಆಚೆಯದು ಈಚೆ ಕಾಣುವ ಕೋಶದ ಲೋಳೆಯಲ್ಲಿ ಉತ್ತರ ಕಣ್ಣಿಗೆ ಬೀಳುತ್ತಿರಲಿಲ್ಲ.

ದಾರಿ ತೋರಿಸಿದ್ದು ಬಟ್ಟೆಗೆ ಹಾಕುವ ಬಣ್ಣ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ದೊರೆಯುವ ರಾಸಾಯನಿಕಗಳನ್ನು ಬಳಸಿ ನೇರಳೆ ಬಣ್ಣ ತಯಾರಿಸಿದ ಮೇಲೆ ಕೃತಕ ಬಣ್ಣಗಳ ದೊಡ್ಡ ಉದ್ಯಮವೇ ಎದ್ದು ನಿಂತಿತು. ಜರ್ಮನಿ ಅದರಲ್ಲಿ ಮುಂದಿತ್ತು. ಬಟ್ಟೆಯ ಬಣ್ಣಗಳು ಪ್ರಯೋಗಾಲಯಕ್ಕೂ ಬಂದವು. ಕೋಶಕ್ಕೆ ಬಣ್ಣ ಹಾಕಿದಾಗ ನ್ಯೂಕ್ಲಿಯಸ್ಸಿನೊಳಗಿನ ಒಂದು ವಸ್ತು ಅದನ್ನು ಬೇರೆಲ್ಲಕ್ಕಿಂತ ಗಾಢವಾಗಿ ಹೀರಿಕೊಳ್ಳುವುದು ಕಂಡಿತು. ಆ ವಸ್ತುವಿಗೆ ಫ್ಲೆಮಿಂಗ್ ಕ್ರೊಮ್ಯಾಟಿನ್ ಎಂದು ಹೆಸರಿಟ್ಟರು.

ಆದರೆ ಬಣ್ಣ ಹಾಕಿದ ಕೋಶ ಸತ್ತ ಕೋಶ. ಸಾಯುವ ಗಳಿಗೆಯಲ್ಲಿ ಹೇಗಿತ್ತೋ ಹಾಗೆಯೇ ಅದು ನಿಂತುಬಿಟ್ಟಿರುತ್ತದೆ. ಹೀಗೆ ನಿಂತುಹೋದ ನೂರಾರು ಕೋಶಗಳಲ್ಲಿ ಯಾವ ನೋಟ ಮೊದಲಿನದು, ಯಾವುದು ಆಮೇಲಿನದು ಎಂದು ಹೇಳುವುದು ಹೇಗೆ? ಫ್ಲೆಮಿಂಗ್ ಜೀವಂತ ಮರಿಯ ಕೋಶಗಳನ್ನು ಬಣ್ಣವಿಲ್ಲದೆಯೇ ತಾಳ್ಮೆಯಿಂದ ನೋಡುತ್ತ ಕೂತರು. ಅಲ್ಲಿ ಮಸುಕಾಗಿ ಕಂಡದ್ದನ್ನು ಬಣ್ಣ ಹಾಕಿದ ಕೋಶಗಳಲ್ಲಿ ಸ್ಪಷ್ಟವಾಗಿ ಕಂಡದ್ದರೊಂದಿಗೆ ತಾಳೆ ನೋಡಿದರು. ಒಂದೊಂದು ಹಂತವನ್ನೂ ಕೈಯಲ್ಲಿ ಚಿತ್ರ ಬಿಡಿಸಿ ಕ್ರಮವಾಗಿ ಜೋಡಿಸಿದರು. 1882ರಲ್ಲಿ ಅವರ ಗ್ರಂಥ ಹೊರಬಂದಾಗ ಕೋಶ ವಿಭಜನೆಯ ಇಡೀ ನಡೆ ಮೊದಲ ಸಲ ಓದುಗರ ಕಣ್ಣೆದುರಿಗಿತ್ತು. ಮೈಟೋಸಿಸ್ ಎಂಬ ಹೆಸರೂ ಅದರಲ್ಲೇ ಬಂತು.

ಅವರು ಕಂಡದ್ದು ಇದು. ವಿಭಜನೆಗೆ ಮುನ್ನ ನ್ಯೂಕ್ಲಿಯಸ್ಸಿನಲ್ಲಿ ಹರಡಿಕೊಂಡಿದ್ದ ಕ್ರೊಮ್ಯಾಟಿನ್ ಎಳೆಗಳಾಗಿ ಕಾಣಿಸಿಕೊಳ್ಳುತ್ತದೆ. ಎಳೆಗಳು ದಪ್ಪವಾಗುತ್ತ ಗಿಡ್ಡವಾಗುತ್ತವೆ, ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಪ್ರತಿಯೊಂದು ಎಳೆಯೂ ಉದ್ದಕ್ಕೆ ಸೀಳಿ ಎರಡಾಗಿರುತ್ತದೆ. ಆ ಎರಡು ಸೀಳುಗಳಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಸರಿದುಹೋಗುತ್ತದೆ. ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ 1883ರಲ್ಲಿ ಕುದುರೆಯ ಹೊಟ್ಟೆಯ ಜಂತುಹುಳುವಿನ ಮೊಟ್ಟೆಯಲ್ಲಿ ಇದನ್ನೇ ಇನ್ನೂ ಸ್ಪಷ್ಟವಾಗಿ ಕಂಡರು. ಆ ಎಳೆಗಳಿಗೆ 1888ರಲ್ಲಿ ವಿಲ್ಹೆಲ್ಮ್ ವಾಲ್ಡೆಯರ್ ಕ್ರೋಮೋಸೋಮ್ ಎಂಬ ಹೆಸರು ಕೊಟ್ಟರು. ನಾವು ವರ್ಣತಂತು ಎನ್ನುತ್ತೇವೆ.

ಅದೇ 1883ರಲ್ಲಿ ವಿಲ್ಹೆಲ್ಮ್ ರೂ ಎಂಬ ಜರ್ಮನ್ ವಿಜ್ಞಾನಿ ಒಂದು ನೇರವಾದ ಪ್ರಶ್ನೆ ಎತ್ತಿದರು. ನ್ಯೂಕ್ಲಿಯಸ್ಸನ್ನು ನಡುವೆ ತುಂಡು ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು, ಪ್ರಕೃತಿ ಇಷ್ಟೆಲ್ಲ ಕಷ್ಟಪಡುವುದು ಯಾಕೆ? ಅವರು ತರ್ಕಿಸಿದ್ದು ಹೀಗೆ: ಎಳೆಯ ಉದ್ದಕ್ಕೂ ಬೇರೆ ಬೇರೆ ಗುಣಗಳು ಸಾಲಾಗಿ ಇರಬೇಕು. ಅಡ್ಡಕ್ಕೆ ಕತ್ತರಿಸಿದರೆ ಒಂದು ಕೋಶಕ್ಕೆ ಕೆಲವು, ಇನ್ನೊಂದಕ್ಕೆ ಉಳಿದವು ಹೋಗುತ್ತವೆ. ಉದ್ದಕ್ಕೆ ಸೀಳಿದರೆ ಮಾತ್ರ ಪ್ರತಿಯೊಂದು ಗುಣವೂ ಎರಡೂ ಕೋಶಗಳಿಗೆ ದಕ್ಕುತ್ತದೆ. ಅನುವಂಶೀಯತೆಯ ಬಗ್ಗೆ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಮಾಡಿದ ಕೆಲಸ ಆಗಲೇ ಅಚ್ಚಾಗಿದ್ದರೂ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಕಾಲದಲ್ಲಿ, ಬರಿಯ ಯೋಚನೆಯ ಬಲದಿಂದ ರೂ ಈ ತೀರ್ಮಾನಕ್ಕೆ ಬಂದಿದ್ದರು.

ಮುಂದಿನ ದಶಕಗಳ ಕಥೆ ಶಾಲೆಯ ಪಠ್ಯಗಳಲ್ಲೇ ಸಿಗುತ್ತದೆ. 1900ರಲ್ಲಿ ಮೆಂಡೆಲ್ ಮತ್ತೆ ಬೆಳಕಿಗೆ ಬಂದರು. ಜರ್ಮನಿಯ ಥಿಯೋಡೋರ್ ಬೊವೇರಿ ಕಡಲ ಚಿಳ್ಳೆಗಳಲ್ಲಿ, ಅಮೆರಿಕದ ವಾಲ್ಟರ್ ಸಟನ್ ಮಿಡತೆಗಳಲ್ಲಿ ಕಂಡದ್ದರಿಂದ ಅನುವಂಶೀಯತೆಯ ವಾಹಕಗಳು ವರ್ಣತಂತುಗಳೇ ಎಂಬುದು ಖಚಿತವಾಗುತ್ತ ಬಂತು. ಥಾಮಸ್ ಹಂಟ್ ಮಾರ್ಗನ್ ಮತ್ತು ಶಿಷ್ಯರು ಹಣ್ಣಿನ ನೊಣಗಳ ವರ್ಣತಂತುಗಳ ಮೇಲೆ ಜೀನುಗಳ ನಕ್ಷೆಯನ್ನೇ ಬರೆದರು. 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು ಆನುವಂಶಿಕ ವಸ್ತು ಪ್ರೊಟೀನ್ ಅಲ್ಲ, ಡಿಎನ್‌ಎ ಎಂದು ತೋರಿಸಿದರು. ಆದರೂ ಫ್ಲೆಮಿಂಗ್ ಕಾಲದಿಂದ ಒಂದು ಪ್ರಶ್ನೆ ಹಾಗೆಯೇ ಉಳಿದಿತ್ತು. ಸೀಳಿ ಎರಡಾದ ಎಳೆಗಳಲ್ಲಿ ಪ್ರತಿಯೊಂದೂ ಮೊದಲಿನಷ್ಟೇ ಪೂರ್ಣವಾಗಿರಬೇಕಾದರೆ ಎಲ್ಲೋ, ಯಾವಾಗಲೋ ಅದರ ನಕಲು ಆಗಿರಬೇಕು. ಆ ಕೆಲಸ ನಡೆಯುವುದು ಯಾವಾಗ? ನಕಲಾದ ಮೇಲೆ ಹಳೆಯದು ಎಲ್ಲಿರುತ್ತದೆ, ಹೊಸದು ಎಲ್ಲಿರುತ್ತದೆ?

ಈ ಪ್ರಶ್ನೆಗೆ ಬಣ್ಣ ಸಾಲದು. ಬಣ್ಣ ಹಳೆಯ ಎಳೆಗೂ ಹೊಸ ಎಳೆಗೂ ಒಂದೇ ರೀತಿ ಹತ್ತುತ್ತದೆ. ಹಳೆಯದಕ್ಕೋ ಹೊಸದಕ್ಕೋ, ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕುವ ಉಪಾಯ ಬೇಕಿತ್ತು. ವರ್ಣತಂತುವಿನ ಮುಂದಿನ ಇತಿಹಾಸ ಅಂಥ ಉಪಾಯಗಳ ಇತಿಹಾಸ.

ಕಾಣುವ ಮೊದಲೇ ಮುಗಿದ ಕೆಲಸ

ಎರಡನೇ ಮಹಾಯುದ್ಧದ ನಂತರ ಪರಮಾಣು ರಿಯಾಕ್ಟರುಗಳಿಂದ ವಿಕಿರಣಶೀಲ ಧಾತುಗಳು ಸಂಶೋಧಕರ ಕೈಗೆ ಸಿಗತೊಡಗಿದವು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಕೆನಡಾ ಮೂಲದ ಆಲ್ಮಾ ಹೊವರ್ಡ್ ಮತ್ತು ಭೌತವಿಜ್ಞಾನಿ ಸ್ಟೀಫನ್ ಪೆಲ್ಕ್ ವಿಕಿರಣಶೀಲ ರಂಜಕವನ್ನು ಬಳಸಿ ಬೀನ್ಸಿನ ಬೇರುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ವಿಸಿಯಾ ಫಾಬಾ ಎಂಬ, ದಪ್ಪ ಕಾಳಿನ ಬೀನ್ಸ್ ಅದು. ಬೇರಿನ ತುದಿಯಲ್ಲಿ ಕೋಶಗಳು ಸದಾ ಒಡೆಯುತ್ತಿರುತ್ತವೆ. ಆಗಷ್ಟೇ ತಯಾರಾಗುತ್ತಿರುವ ಡಿಎನ್‌ಎ ರಂಜಕವನ್ನು ಸೇರಿಸಿಕೊಳ್ಳುತ್ತದೆ. ಆ ಕೋಶಗಳ ಮೇಲೆ ಫೋಟೋ ಫಿಲ್ಮಿನ ಪದರ ಹೊದಿಸಿ ಕತ್ತಲೆಯಲ್ಲಿಟ್ಟರೆ, ವಿಕಿರಣ ತಾಗಿದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ.

ವರ್ಣತಂತುಗಳು ಕಣ್ಣಿಗೆ ಕಾಣಿಸುವುದು ವಿಭಜನೆಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಅವು ಎರಡಾಗುವ ಕೆಲಸವೂ ಆಗಲೇ ನಡೆಯುತ್ತದೆ ಎಂದು ಬಹಳ ಮಂದಿ ಭಾವಿಸಿದ್ದರು. ಹೊವರ್ಡ್ ಮತ್ತು ಪೆಲ್ಕ್ ಕಂಡದ್ದು ಬೇರೆ. ಒಡೆಯುತ್ತಿರುವ ಕೋಶಗಳು ಆ ಹೊತ್ತಿನಲ್ಲಿ ರಂಜಕವನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ತೆಗೆದುಕೊಳ್ಳುತ್ತಿದ್ದುದು ಎರಡು ವಿಭಜನೆಗಳ ನಡುವೆ ಸುಮ್ಮನಿರುವಂತೆ ಕಾಣುತ್ತಿದ್ದ ಕೋಶಗಳು, ಅದೂ ಒಂದು ನಿರ್ದಿಷ್ಟ ಅವಧಿಯಲ್ಲಿ ಮಾತ್ರ. ಮದುವೆಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಅಡುಗೆ ಮುಗಿದಿರುವಂತೆ, ವರ್ಣತಂತು ಕಣ್ಣಿಗೆ ಕಾಣಿಸುವ ಹೊತ್ತಿಗೆ ನಕಲಿನ ಕೆಲಸ ಮುಗಿದು ಗಂಟೆಗಳೇ ಕಳೆದಿರುತ್ತಿದ್ದವು. ಕೋಶದ ಜೀವನಚಕ್ರವನ್ನು ಜಿ1, ಎಸ್, ಜಿ2 ಮತ್ತು ವಿಭಜನೆ ಎಂದು ನಾಲ್ಕು ಪಾಲು ಮಾಡಿ 1953ರಲ್ಲಿ ಅವರು ಪ್ರಕಟಿಸಿದರು. ಎಸ್ ಎಂದರೆ ಡಿಎನ್‌ಎ ನಕಲಾಗುವ ಅವಧಿ. ಇಂದಿಗೂ ಪ್ರತಿ ಜೀವವಿಜ್ಞಾನದ ವಿದ್ಯಾರ್ಥಿ ಕಲಿಯುವುದು ಈ ವಿಂಗಡಣೆಯನ್ನೇ.

ಯಾವಾಗ ಎಂಬುದಕ್ಕೆ ಉತ್ತರ ಸಿಕ್ಕಿತು. ಹೇಗೆ ಎಂಬುದಕ್ಕೆ ಅದೇ 1953ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಒಂದು ಸಲಹೆ ಮುಂದಿಟ್ಟರು. ಡಿಎನ್‌ಎ ಎರಡು ಎಳೆಗಳ ಹುರಿ. ಎಳೆಯ ಉದ್ದಕ್ಕೂ ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಕರೆಯುವ ಘಟಕಗಳು ಸಾಲಾಗಿರುತ್ತವೆ. ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಎರಡು ಎಳೆಗಳು ಬಿಚ್ಚಿಕೊಂಡರೆ ಒಂದೊಂದೂ ತನಗೆ ಬೇಕಾದ ಹೊಸ ಜೊತೆಯನ್ನು ಕಟ್ಟಿಕೊಳ್ಳಬಹುದು. ಆಗ ಒಂದು ಹುರಿ ಎರಡಾಗುತ್ತದೆ, ಪ್ರತಿಯೊಂದರಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ.

ನೋಡಲು ಅಚ್ಚುಕಟ್ಟಾದ ಈ ಊಹೆಯನ್ನು ಎಲ್ಲರೂ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಮ್ಯಾಕ್ಸ್ ಡೆಲ್‌ಬ್ರುಕ್ ಗಂಭೀರವಾದ ತಕರಾರು ತೆಗೆದರು. ಹುರಿ ಸುಮಾರು ಹತ್ತು ಜೋಡಿ ಅಕ್ಷರಗಳಿಗೊಂದು ಸುತ್ತು ತಿರುಗಿರುತ್ತದೆ. ಲಕ್ಷಗಟ್ಟಲೆ ಸುತ್ತುಗಳನ್ನು ಸಿಕ್ಕಾಗದಂತೆ ಬಿಚ್ಚುವುದು ಕೋಶಕ್ಕೆ ಹೇಗೆ ಸಾಧ್ಯ? ಅವರು ಬೇರೆ ದಾರಿ ಸೂಚಿಸಿದರು. ಹುರಿ ಅಲ್ಲಲ್ಲಿ ತುಂಡಾಗಿ, ಹಳೆಯ ತುಂಡು ಹೊಸ ತುಂಡುಗಳು ಬೆರೆತು ಮತ್ತೆ ಜೋಡಣೆಯಾಗಬಹುದು. ಮೂರನೆಯ ಸಾಧ್ಯತೆಯೂ ಇತ್ತು. ಹಳೆಯ ಹುರಿ ಪೂರ್ತಿ ಹಾಗೆಯೇ ಉಳಿದು, ಪಕ್ಕದಲ್ಲಿ ಪೂರ್ತಿ ಹೊಸದೊಂದು ಹುಟ್ಟಬಹುದು. ಮೂರರಲ್ಲಿ ಯಾವುದು ನಿಜ ಎಂಬುದನ್ನು ವಾದದಿಂದ ತೀರ್ಮಾನಿಸುವಂತಿರಲಿಲ್ಲ.

ಬೀನ್ಸಿನ ಬೇರು ಹೇಳಿದ್ದು

ಕೊಲಂಬಿಯಾ ವಿಶ್ವವಿದ್ಯಾಲಯದ ಜೆ. ಹರ್ಬರ್ಟ್ ಟೇಲರ್ ಈ ಪ್ರಶ್ನೆಯನ್ನು ವರ್ಣತಂತುಗಳಲ್ಲೇ ನೋಡಬೇಕೆಂದು ಹೊರಟರು. ಅವರೂ ಮೊದಲು ವಿಕಿರಣಶೀಲ ರಂಜಕವನ್ನು ಬಳಸಿದ್ದರು. ತೊಡಕು ಏನೆಂದರೆ, ರಂಜಕದಿಂದ ಹೊರಡುವ ಕಣಗಳು ಬಹಳ ಚುರುಕು. ಅವು ಹೊರಟ ಜಾಗದಿಂದ ದೂರ ಹೋಗಿ ಫಿಲ್ಮಿಗೆ ತಾಗುತ್ತವೆ. ಯಾವ ಕೋಶ ಎಂದು ಹೇಳಬಹುದಾದರೂ ಕೋಶದೊಳಗಿನ ಯಾವ ವರ್ಣತಂತು, ಅದರ ಯಾವ ಪಾಲು ಎಂದು ಹೇಳಲಾಗದು.

ಬೇಕಾದದ್ದು ದುರ್ಬಲ ವಿಕಿರಣ. ಅದು ಟ್ರಿಟಿಯಂನಲ್ಲಿತ್ತು. ಜಲಜನಕದ ಈ ಭಾರದ ರೂಪ ಹೈಡ್ರೋಜನ್ ಬಾಂಬಿನ ಆ ದಶಕದಲ್ಲಿ ಪರಮಾಣು ಕೇಂದ್ರಗಳಲ್ಲಿ ದೊರೆಯುತ್ತಿತ್ತು. ಅದರ ಕಣಗಳು ಮೈಕ್ರೋಮೀಟರಿನ ಆಸುಪಾಸಿನಷ್ಟು ದೂರ ಹೋಗಿ ನಿಂತುಬಿಡುತ್ತವೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ವಾಲ್ಟರ್ ಹ್ಯೂಸ್, ಡಿಎನ್‌ಎಯ ಘಟಕವಾದ ಥೈಮಿಡಿನ್‌ಗೆ ಟ್ರಿಟಿಯಂ ಸೇರಿಸಿ ಕೊಟ್ಟರು. ಥೈಮಿಡಿನ್ ಡಿಎನ್‌ಎಗೆ ಮಾತ್ರ ಸೇರುತ್ತದೆ. ಹೀಗೆ ಹೊಸ ಎಳೆಗೆ ಮಾತ್ರ, ಅದು ಇರುವ ಜಾಗದಲ್ಲೇ ಗುರುತು ಹಾಕುವ ಸಾಧನ ಸಿಕ್ಕಿತು. ಅಲ್ಲಿಯವರೇ ಆದ ಫಿಲಿಪ್ ವುಡ್ಸ್ ಕೂಡ ಜೊತೆಗೂಡಿದರು.

ಆರಿಸಿಕೊಂಡ ಸಸ್ಯ ಮತ್ತೆ ವಿಸಿಯಾ ಫಾಬಾ. ಅದರಲ್ಲಿರುವುದು 12 ವರ್ಣತಂತುಗಳು ಮಾತ್ರ, ಅವೂ ದೊಡ್ಡವು. ಮೊಳಕೆಯೊಡೆದ ಬೀನ್ಸಿನ ಬೇರುಗಳನ್ನು ಟ್ರಿಟಿಯಂ ಥೈಮಿಡಿನ್ ಇರುವ ದ್ರಾವಣದಲ್ಲಿ ಎಂಟು ಗಂಟೆ ಅದ್ದಿಟ್ಟರು. ಆಮೇಲೆ ತೊಳೆದು, ಗುರುತಿಲ್ಲದ ದ್ರಾವಣಕ್ಕೆ ಬದಲಾಯಿಸಿದರು. ಆ ದ್ರಾವಣದಲ್ಲಿ ಕೊಲ್ಚಿಸಿನ್ ಇತ್ತು. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ವಿಷ ಇದು. ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳನ್ನು ಕೊಲ್ಚಿಸಿನ್ ಕಟ್ಟಲು ಬಿಡುವುದಿಲ್ಲ. ನಕಲು ನಡೆಯುತ್ತದೆ, ಕೋಶ ಮಾತ್ರ ಒಡೆಯುವುದಿಲ್ಲ.

ಇದರಿಂದ ಲೆಕ್ಕ ಬಹಳ ಸುಲಭವಾಯಿತು. ಕೋಶದಲ್ಲಿ 12 ವರ್ಣತಂತುಗಳಿದ್ದರೆ ಗುರುತು ಹಾಕಿದ ಮೇಲೆ ಒಂದು ಸಲ ನಕಲಾಗಿದೆ ಎಂದರ್ಥ. 24 ಇದ್ದರೆ ಎರಡು ಸಲ, ಮೊದಲನೆಯದು ಟ್ರಿಟಿಯಂ ಇದ್ದಾಗ, ಎರಡನೆಯದು ಇಲ್ಲದಾಗ. ಕೋಶದ ಹಿಂದಿನ ಕಥೆಯನ್ನು ಹೀಗೆ ಎಣಿಸಿಯೇ ಹೇಳಬಹುದಿತ್ತು. ಬೇರಿನ ತುದಿಯನ್ನು ಕತ್ತರಿಸಿ, ಡಿಎನ್‌ಎಗೆ ಕೆನ್ನೇರಳೆ ಬಣ್ಣ ಕೊಡುವ ಫ್ಯೂಲ್ಗೆನ್ ವಿಧಾನದಿಂದ ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ಒಂದೇ ಪದರವಾಗುವಂತೆ ಹರಡಿ, ಮೇಲೆ ತೆಳು ಫಿಲ್ಮ್ ಹೊದಿಸಿ ಕತ್ತಲೆಯಲ್ಲಿಟ್ಟು ಕಾದರು. ಫಿಲ್ಮ್ ತೊಳೆದಾಗ ವರ್ಣತಂತುಗಳ ಮೈಮೇಲೆಯೇ ಬೆಳ್ಳಿಯ ಕಪ್ಪು ಕಣಗಳು ಸಾಲುಗಟ್ಟಿದ್ದವು.

12 ವರ್ಣತಂತುಗಳಿದ್ದ ಕೋಶಗಳಲ್ಲಿ ಪ್ರತಿ ವರ್ಣತಂತುವಿನ ಎರಡು ಸೀಳುಗಳ, ಅಂದರೆ ಸೋದರ ಎಳೆಗಳ, ಮೇಲೂ ಕಪ್ಪು ಕಣಗಳಿದ್ದವು. ಇದು ಹಳೆಯ ಹುರಿ ಪೂರ್ತಿ ಹಾಗೆಯೇ ಉಳಿಯುತ್ತದೆ ಎಂಬ ಊಹೆಯನ್ನು ಬಗ್ಗುಬಡಿಯಿತು. ಹಾಗಿದ್ದರೆ ಒಂದರ ಮೇಲೆ ಮಾತ್ರ ಗುರುತಿರಬೇಕಿತ್ತು. 24 ವರ್ಣತಂತುಗಳಿದ್ದ ಕೋಶಗಳನ್ನು ನೋಡಿದಾಗ ಪ್ರತಿ ವರ್ಣತಂತುವಿನ ಒಂದು ಎಳೆಯ ಮೇಲೆ ಕಪ್ಪು ಕಣಗಳು, ಪಕ್ಕದ ಎಳೆ ಖಾಲಿ. ಹಳೆಯದು ಹೊಸದು ತುಂಡುತುಂಡಾಗಿ ಬೆರೆತಿದ್ದರೆ ಎರಡರ ಮೇಲೂ ಅಷ್ಟಷ್ಟು ಹಂಚಿಹೋಗಬೇಕಿತ್ತು. ಹಾಗಾಗಿರಲಿಲ್ಲ. ಪ್ರತಿ ವರ್ಣತಂತುವಿನಲ್ಲೂ ಉದ್ದಕ್ಕೂ ಸಾಗುವ ಎರಡು ಘಟಕಗಳಿದ್ದು, ನಕಲಾಗುವಾಗ ಅವು ಬೇರೆಯಾಗಿ ಒಂದೊಂದೂ ತನ್ನ ಪಕ್ಕಕ್ಕೆ ಹೊಸದನ್ನು ಕಟ್ಟಿಕೊಳ್ಳುತ್ತದೆ ಎಂಬುದು ಟೇಲರ್, ವುಡ್ಸ್ ಮತ್ತು ಹ್ಯೂಸ್ ಬಂದ ತೀರ್ಮಾನ. 1957ರಲ್ಲಿ ಅದು ಪ್ರಕಟವಾಯಿತು.

ಅಲ್ಲಲ್ಲಿ ಇನ್ನೂ ಒಂದು ನೋಟ ಕಂಡಿತು. ಕಪ್ಪು ಕಣಗಳ ಸಾಲು ಒಂದು ಎಳೆಯ ಮೇಲೆ ಸಾಗುತ್ತ ಹೋಗಿ, ಒಂದು ಜಾಗದಲ್ಲಿ ತಟ್ಟನೆ ನಿಂತು, ಅಲ್ಲಿಂದ ಮುಂದಕ್ಕೆ ಪಕ್ಕದ ಎಳೆಯ ಮೇಲೆ ಮುಂದುವರಿದಿತ್ತು. ಸೋದರ ಎಳೆಗಳು ತುಂಡಾಗಿ ಪರಸ್ಪರ ಅದಲುಬದಲಾಗಿದ್ದವು. ಈ ಅದಲುಬದಲು ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಿರುವುದರ ಸೂಚನೆ ಎಂದು ಮುಂದೆ ತಿಳಿಯಿತು. 1970ರ ದಶಕದಲ್ಲಿ ಟ್ರಿಟಿಯಂ ಬದಲು ಬಣ್ಣದಿಂದಲೇ ಹಳೆಯ ಹೊಸ ಎಳೆಗಳನ್ನು ಬೇರ್ಪಡಿಸುವ ವಿಧಾನ ಬಂದ ಮೇಲೆ, ರಾಸಾಯನಿಕಗಳ ಅಪಾಯವನ್ನು ಅಳೆಯಲೂ, ಬ್ಲೂಮ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯನ್ನು ಪತ್ತೆಹಚ್ಚಲೂ ವೈದ್ಯರಿಗೆ ಇದೇ ನೋಟ ನೆರವಾಯಿತು.

ತೂಕದ ಗುರುತು

ಟೇಲರ್ ನೋಡಿದ್ದು ಇಡೀ ವರ್ಣತಂತುವನ್ನು. ಒಳಗಿನ ಡಿಎನ್‌ಎ ಅಣು ಕೂಡ ಹಾಗೆಯೇ ನಕಲಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್. 1954ರ ಬೇಸಗೆಯಲ್ಲಿ ಮ್ಯಾಸಚೂಸೆಟ್ಸಿನ ವುಡ್ಸ್ ಹೋಲ್ ಎಂಬ ಕಡಲತೀರದ ಸಂಶೋಧನಾ ಕೇಂದ್ರದಲ್ಲಿ ಇಬ್ಬರ ಭೇಟಿಯಾಗಿತ್ತು. ಮುಂದೆ ಇಬ್ಬರೂ ಡೆಲ್‌ಬ್ರುಕ್ ಇದ್ದ ಕ್ಯಾಲಿಫೋರ್ನಿಯಾದ ಸಂಸ್ಥೆಯಲ್ಲೇ ಜೊತೆಗೂಡಿದರು. ಮೆಸೆಲ್ಸನ್ ಅಲ್ಲಿ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಅವರ ಶಿಷ್ಯ.

ಅವರು ಹಾಕಿದ ಗುರುತು ತೂಕದ್ದು. ಇ. ಕೋಲಿ ಬ್ಯಾಕ್ಟೀರಿಯಾಗಳನ್ನು 14 ತಲೆಮಾರುಗಳವರೆಗೆ ಭಾರದ ಸಾರಜನಕವಾದ ನೈಟ್ರೋಜನ್-15ರಲ್ಲಿ ಬೆಳೆಸಿದರು. ಅಷ್ಟು ಹೊತ್ತಿಗೆ ಅವುಗಳ ಡಿಎನ್‌ಎ ಎಲ್ಲವೂ ಭಾರದ್ದು. ಬಳಿಕ ಒಮ್ಮೆಗೇ ಸಾಧಾರಣ ಸಾರಜನಕವನ್ನು ಹತ್ತು ಪಟ್ಟು ಸುರಿದರು. ಆಮೇಲೆ ಹುಟ್ಟುವ ಡಿಎನ್‌ಎ ಎಲ್ಲವೂ ಹಗುರ. ಭಾರದ ಡಿಎನ್‌ಎಗೂ ಹಗುರದ ಡಿಎನ್‌ಎಗೂ ಸಾಂದ್ರತೆಯಲ್ಲಿ ಇರುವ ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅದನ್ನು ಅಳೆಯಲು ಅವರೇ ಒಂದು ವಿಧಾನ ರೂಪಿಸಿದ್ದರು. ಸೀಸಿಯಂ ಕ್ಲೋರೈಡಿನ ಗಾಢ ದ್ರಾವಣದಲ್ಲಿ ಡಿಎನ್‌ಎ ಬೆರೆಸಿ, ನಿಮಿಷಕ್ಕೆ 44,770 ಸುತ್ತುಗಳಂತೆ ಸುಮಾರು 20 ಗಂಟೆ ತಿರುಗಿಸಿದರೆ, ಉಪ್ಪು ತಳದ ಕಡೆಗೆ ಹೆಚ್ಚು, ಮೇಲೆ ಕಡಿಮೆ ಎಂಬಂತೆ ಹಂಚಿಹೋಗುತ್ತದೆ. ಡಿಎನ್‌ಎ ತನ್ನ ಸಾಂದ್ರತೆಗೆ ಸರಿಹೊಂದುವ ಮಟ್ಟದಲ್ಲಿ ಒಂದು ಪಟ್ಟಿಯಾಗಿ ನಿಲ್ಲುತ್ತದೆ. ತಿರುಗುತ್ತಿರುವಾಗಲೇ ಅತಿನೇರಳೆ ಬೆಳಕಿನಲ್ಲಿ ಅದರ ಫೋಟೋ ತೆಗೆಯಬಹುದು.

ಒಂದು ತಲೆಮಾರು ಕಳೆದ ಮೇಲೆ ತೆಗೆದ ಫೋಟೋದಲ್ಲಿ ಭಾರದ ಪಟ್ಟಿ ಮಾಯವಾಗಿತ್ತು, ಹಗುರದ ಪಟ್ಟಿಯೂ ಇರಲಿಲ್ಲ. ಎರಡಕ್ಕೂ ಸರಿಯಾಗಿ ನಡುವೆ ಒಂದೇ ಒಂದು ಪಟ್ಟಿ. ಎರಡನೆಯ ತಲೆಮಾರಿನಲ್ಲಿ ಅರ್ಧ ಆ ನಡುವಿನ ಪಟ್ಟಿಯಲ್ಲೇ ಉಳಿದು, ಇನ್ನರ್ಧ ಹಗುರದ ಪಟ್ಟಿಯಾಗಿತ್ತು. ಹಳೆಯ ಹುರಿ ಪೂರ್ತಿ ಉಳಿಯುವುದಾಗಿದ್ದರೆ ಮೊದಲ ತಲೆಮಾರಿನಲ್ಲೇ ಎರಡು ಪಟ್ಟಿ ಕಾಣಬೇಕಿತ್ತು. ತುಂಡುಗಳು ಬೆರೆಯುವುದಾಗಿದ್ದರೆ ಎರಡನೆಯ ತಲೆಮಾರಿನಲ್ಲೂ ಒಂದೇ ಪಟ್ಟಿ ಇದ್ದು, ಅದು ಸ್ವಲ್ಪ ಮೇಲಕ್ಕೆ ಸರಿದಿರಬೇಕಿತ್ತು. ಉಳಿದದ್ದು ಒಂದೇ ದಾರಿ, ವಾಟ್ಸನ್ ಮತ್ತು ಕ್ರಿಕ್ ಹೇಳಿದ್ದು. 1958ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಇಬ್ಬರೂ ಎಳೆ ಎಂಬ ಪದವನ್ನು ಆತುರದಿಂದ ಬಳಸಲಿಲ್ಲ. ಡಿಎನ್‌ಎಯಲ್ಲಿ ಎರಡು ಉಪಘಟಕಗಳಿವೆ, ಪ್ರತಿ ಮರಿ ಅಣುವಿಗೂ ಒಂದೊಂದು ಸೇರುತ್ತದೆ ಎಂದಷ್ಟೇ ಹೇಳಿದರು. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚು ಹೇಳದ ಆ ಸಂಯಮ ಪ್ರಯೋಗದಷ್ಟೇ ದೊಡ್ಡದು.

ಮಡಿಕೆ, ಬಂಧ, ಬಿಡುಗಡೆ

ನಕಲಿನ ಗುಟ್ಟು ಬಯಲಾದರೂ ಫ್ಲೆಮಿಂಗ್ ಕಂಡ ದಪ್ಪ ಎಳೆಯ ರಚನೆ ಇನ್ನೂ ಒಗಟಾಗಿತ್ತು. ಒಂದು ವರ್ಣತಂತುವಿನಲ್ಲಿ ಎಷ್ಟು ಡಿಎನ್‌ಎ ಹುರಿಗಳಿವೆ? ಹಲವು ಹುರಿಗಳ ಕಟ್ಟು ಎಂದು ನಂಬಿದವರು ಬಹಳ ಮಂದಿ. 1973ರಲ್ಲಿ ರೂತ್ ಕಾವೆನಾಫ್ ಮತ್ತು ಬ್ರೂನೋ ಝಿಮ್ ಹಣ್ಣಿನ ನೊಣದ ಡಿಎನ್‌ಎ ಅಣುಗಳ ಗಾತ್ರವನ್ನು ಅಳೆದರು. ಅತಿ ದೊಡ್ಡ ಅಣು ಒಂದು ಇಡೀ ವರ್ಣತಂತುವಿನಲ್ಲಿರುವಷ್ಟೇ ಡಿಎನ್‌ಎ ಹೊಂದಿತ್ತು. ಅಂದರೆ ನಕಲಾಗುವ ಮುನ್ನ ಒಂದು ವರ್ಣತಂತು ಎಂದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಣು. ಟೇಲರ್ ಬೀನ್ಸಿನಲ್ಲಿ ಕಂಡದ್ದಕ್ಕೂ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಾದಲ್ಲಿ ಕಂಡದ್ದಕ್ಕೂ ಇಲ್ಲಿ ಸಂಬಂಧ ಕೂಡಿಬಂತು.

ಆ ಅಣು ಎಷ್ಟು ಉದ್ದ? ಮನುಷ್ಯನ ಒಂದನೇ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿ ಅಕ್ಷರಗಳಿವೆ. ಬಿಚ್ಚಿ ಹಿಡಿದರೆ ಎಂಟು ಸೆಂಟಿಮೀಟರಿಗೂ ಹೆಚ್ಚು. ಒಂದು ಕೋಶದ 46 ವರ್ಣತಂತುಗಳನ್ನೂ ಸೇರಿಸಿದರೆ ಸುಮಾರು ಎರಡು ಮೀಟರ್. ನಕಲಿನ ಯಂತ್ರ ಸೆಕೆಂಡಿಗೆ ಸುಮಾರು 50 ಅಕ್ಷರಗಳ ವೇಗದಲ್ಲಿ ಸಾಗುತ್ತದೆ. ಒಂದನೇ ವರ್ಣತಂತುವಿನಲ್ಲಿ ಒಂದೇ ಜಾಗದಿಂದ ಎರಡೂ ದಿಕ್ಕಿಗೆ ಹೊರಟರೆ ಕೆಲಸ ಮುಗಿಯಲು ಹತ್ತಿರಹತ್ತಿರ ಒಂದು ತಿಂಗಳು ಬೇಕು. ಕೋಶ ಅದನ್ನು ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಯಾಕೆಂದರೆ ಸಾವಿರಾರು ಕಡೆ ಒಟ್ಟಿಗೇ ಕೆಲಸ ಶುರುವಾಗುತ್ತದೆ. ಜೋಯಲ್ ಹ್ಯೂಬರ್‌ಮನ್ ಮತ್ತು ಆರ್ಥರ್ ರಿಗ್ಸ್ 1968ರಲ್ಲಿ ಇದನ್ನು ತೋರಿಸಿದಾಗಲೂ ಅವರ ಕೈಯಲ್ಲಿದ್ದದ್ದು ಟ್ರಿಟಿಯಂ ಥೈಮಿಡಿನ್ ಮತ್ತು ಫಿಲ್ಮ್.

ಇಷ್ಟುದ್ದದ ಅಣು ವಿಭಜನೆಯ ಹೊತ್ತಿಗೆ ಹತ್ತು ಮೈಕ್ರೋಮೀಟರಿನ ಆಸುಪಾಸಿಗೆ, ಅಂದರೆ ಎಂಟು ಹತ್ತು ಸಾವಿರ ಪಟ್ಟು ಗಿಡ್ಡವಾಗುತ್ತದೆ. 1974ರಲ್ಲಿ ರೋಜರ್ ಕೋರ್ನ್‌ಬರ್ಗ್ ಇದರ ಮೊದಲ ಮೆಟ್ಟಿಲನ್ನು ತಿಳಿಸಿದರು. ಹಿಸ್ಟೋನ್ ಎಂಬ ಪ್ರೊಟೀನುಗಳು ಎಂಟೆಂಟು ಸೇರಿ ಒಂದೊಂದು ಉಂಡೆಯಾಗುತ್ತವೆ, ಡಿಎನ್‌ಎ ಅವುಗಳಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಇದರಿಂದ ಆರೇಳು ಪಟ್ಟು ಗಿಡ್ಡವಾಯಿತು. ಉಳಿದದ್ದು? 1977ರಲ್ಲಿ ಜೇಮ್ಸ್ ಪಾಲ್ಸನ್ ಮತ್ತು ಉಲ್ರಿಚ್ ಲೆಮ್ಲಿ ವರ್ಣತಂತುವಿನಿಂದ ಹಿಸ್ಟೋನುಗಳನ್ನು ತೆಗೆದುಹಾಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಡುವೆ ವರ್ಣತಂತುವಿನ ಆಕಾರದ ಒಂದು ಪ್ರೊಟೀನ್ ಹಂದರ ಹಾಗೆಯೇ ನಿಂತಿತ್ತು. ಸುತ್ತಲೂ ಡಿಎನ್‌ಎ ಕುಣಿಕೆಗಳಾಗಿ ಹರಡಿತ್ತು. 1997ರಲ್ಲಿ ತತ್ಸುಯಾ ಹಿರಾನೋ ತಂಡ ಕಪ್ಪೆಯ ಮೊಟ್ಟೆಯ ಸಾರದಿಂದ ಕಂಡೆನ್ಸಿನ್ ಎಂಬ ಪ್ರೊಟೀನ್ ಸಂಕೀರ್ಣವನ್ನು ಬೇರ್ಪಡಿಸಿತು. ಕುಣಿಕೆ ಹಾಕುವ ಕೆಲಸ ಅದರದ್ದು. ಒಂದು ಕಂಡೆನ್ಸಿನ್ ಒಂದು ಡಿಎನ್‌ಎಯನ್ನು ಹಿಡಿದು ಕುಣಿಕೆಯನ್ನು ಹಿಗ್ಗಿಸುತ್ತ ಹೋಗುವುದನ್ನು 2018ರಲ್ಲಿ ನೆದರ್‌ಲೆಂಡ್ಸಿನ ಡೆಲ್ಫ್ಟ್‌ನ ಸಂಶೋಧಕರು ಮತ್ತು ಸಂಗಡಿಗರು ನೇರವಾಗಿ ಕಂಡರು.

ಎರಡು ಸೋದರ ಎಳೆಗಳು ನಕಲಾದ ಕ್ಷಣದಿಂದ ಬೇರೆಯಾಗುವವರೆಗೆ ಜೊತೆಯಾಗಿರುವುದು ಹೇಗೆ ಎಂಬುದಕ್ಕೂ 1997ರಲ್ಲೇ ಉತ್ತರ ಸಿಕ್ಕಿತು. ವಿಯೆನ್ನಾದಲ್ಲಿ ಕಿಮ್ ನಾಸ್ಮಿತ್ ತಂಡ, ಬಾಲ್ಟಿಮೋರಿನಲ್ಲಿ ಡಗ್ಲಾಸ್ ಕೋಶ್‌ಲ್ಯಾಂಡ್ ತಂಡ ಬೇರೆ ಬೇರೆಯಾಗಿ ಯೀಸ್ಟಿನಲ್ಲಿ ಕೊಹೆಸಿನ್ ಎಂಬ ಪ್ರೊಟೀನ್ ಸಂಕೀರ್ಣವನ್ನು ಗುರುತಿಸಿದವು. ಉಂಗುರದ ಆಕಾರದ ಕೊಹೆಸಿನ್ ಎರಡು ಎಳೆಗಳನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಎಲ್ಲ ವರ್ಣತಂತುಗಳೂ ಸಾಲಿಗೆ ಬಂದು ನಿಂತ ಮೇಲೆ ಸೆಪರೇಸ್ ಎಂಬ ಕಿಣ್ವ ಆ ಉಂಗುರವನ್ನು ಕತ್ತರಿಸುತ್ತದೆ. ಫ್ಲೆಮಿಂಗ್ ಕಂಡ ಎಳೆಗಳು ಎರಡು ಕಡೆಗೆ ಸರಿಯುವುದು ಆ ಕತ್ತರಿಕೆಯ ನಂತರವೇ.

ಈ ಬಂಧ ಸಡಿಲಾಗಿ ವರ್ಣತಂತುಗಳು ತಪ್ಪಾಗಿ ಹಂಚಿಹೋದರೆ ಏನಾಗುತ್ತದೆ ಎಂಬುದು ಮನುಷ್ಯರ ಬಾಳಿಗೆ ನೇರವಾಗಿ ತಟ್ಟುವ ವಿಷಯ. 1959ರಲ್ಲಿ ಪ್ಯಾರಿಸ್ಸಿನ ಮಾರ್ಥ್ ಗೋತಿಯೆ, ಜೆರೋಮ್ ಲೆಜೆನ್ ಮತ್ತು ರೇಮಂಡ್ ಟುರ್ಪಿನ್ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 46ರ ಬದಲು 47 ವರ್ಣತಂತುಗಳಿರುವುದನ್ನು ತೋರಿಸಿದರು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಾಧ್ಯತೆ ಯಾಕೆ ಹೆಚ್ಚುತ್ತದೆ ಎಂಬುದಕ್ಕೆ ಕೊಹೆಸಿನ್ ಒಂದು ಮುಖ್ಯ ಸುಳಿವು ಕೊಟ್ಟಿದೆ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳಲ್ಲಿ ವರ್ಣತಂತುಗಳು ನಕಲಾಗಿ ಕೊಹೆಸಿನ್ ಬಂಧದಲ್ಲಿ ನಿಂತಿರುತ್ತವೆ. ಆ ಬಂಧ ದಶಕಗಳ ಕಾಲ ತಾಳಬೇಕು. ವಯಸ್ಸಾದಂತೆ ಅದು ಕ್ಷೀಣಿಸುವುದನ್ನು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಇದು ಯಾವ ತಾಯಿಯ ತಪ್ಪೂ ಅಲ್ಲ, ಯಾವ ಗ್ರಹಚಾರವೂ ಅಲ್ಲ. ಈ ಮಾತನ್ನು ನಮ್ಮ ಊರುಗಳಲ್ಲಿ, ಮನೆಗಳಲ್ಲಿ ಗಟ್ಟಿಯಾಗಿ ಹೇಳಬೇಕಾದ ಅಗತ್ಯ ಇವತ್ತಿಗೂ ಇದೆ.

ಕೋಶವೂ ಕೇಳುವ ಪ್ರಶ್ನೆ

ವಿಜ್ಞಾನಿಗಳು ಮುಕ್ಕಾಲು ಶತಮಾನ ಬೆನ್ನುಹತ್ತಿದ ಪ್ರಶ್ನೆಯನ್ನು, ಹಳೆಯದು ಯಾವುದು ಹೊಸದು ಯಾವುದು ಎಂಬುದನ್ನು, ಪ್ರತಿ ಕೋಶವೂ ಕೇಳಿಕೊಳ್ಳುತ್ತದೆ ಎಂದು ತಿಳಿದದ್ದು ಈ ಇತಿಹಾಸದ ಅತಿ ಸೊಗಸಾದ ತಿರುವು. ನಕಲು ಮಾಡುವಾಗ ಅಪರೂಪಕ್ಕೆ ತಪ್ಪಾಗುತ್ತದೆ. ಟಿ ಇರಬೇಕಾದ ಕಡೆ ಸಿ ಬಂದು ಕೂರುತ್ತದೆ. ಆಗ ಎದುರುಬದುರಾದ ಎರಡು ಅಕ್ಷರಗಳು ಹೊಂದುವುದಿಲ್ಲ. ತಿದ್ದಬೇಕು ಸರಿ, ಆದರೆ ಯಾವುದನ್ನು? ಹಳೆಯ ಎಳೆಯನ್ನು ತಿದ್ದಿದರೆ ತಪ್ಪೇ ಶಾಶ್ವತವಾಗುತ್ತದೆ. ತಿದ್ದಬೇಕಾದದ್ದು ಹೊಸ ಎಳೆಯನ್ನು.

1976ರಲ್ಲಿ ರಾಬರ್ಟ್ ವ್ಯಾಗ್ನರ್ ಅವರೊಂದಿಗೆ ಇದಕ್ಕೆ ಉತ್ತರ ಸೂಚಿಸಿದವರು ಅದೇ ಮ್ಯಾಥ್ಯೂ ಮೆಸೆಲ್ಸನ್. ಬ್ಯಾಕ್ಟೀರಿಯಾದ ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿರುತ್ತವೆ. ಹೊಸ ಎಳೆಗೆ ಆ ಗುರುತು ಬೀಳಲು ಸ್ವಲ್ಪ ಸಮಯ ಹಿಡಿಯುತ್ತದೆ. ಆ ಬಿಡುವಿನಲ್ಲಿ ಗುರುತಿಲ್ಲದ ಎಳೆಯೇ ಹೊಸದು ಎಂದು ಕೋಶ ತಿಳಿದುಕೊಂಡು ಅದನ್ನು ತಿದ್ದುತ್ತದೆ. ಈ ತಿದ್ದುಪಡಿಯ ಯಂತ್ರವನ್ನು ಬಿಡಿಬಿಡಿಯಾಗಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಮನುಷ್ಯನ ಕೋಶದಲ್ಲಿ ಗುರುತು ಹಿಡಿಯುವ ಬಗೆ ಬೇರೆ, ಕೆಲಸ ಅದೇ. 1993ರಲ್ಲಿ ಈ ತಿದ್ದುಪಡಿ ಪ್ರೊಟೀನಿನ ಒಂದು ಜೀನ್ ಕೆಟ್ಟರೆ ಲಿಂಚ್ ಸಿಂಡ್ರೋಮ್ ಬರುತ್ತದೆ ಎಂದು ಪತ್ತೆಯಾಯಿತು. ಇಂಥ ಇನ್ನೂ ಕೆಲವು ಜೀನುಗಳು ಆಮೇಲೆ ತಿಳಿದವು. ಈ ದೋಷವಿರುವ ಕುಟುಂಬಗಳಲ್ಲಿ ದೊಡ್ಡ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ, ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುತ್ತದೆ. ಈಗ ಜೀನ್ ಪರೀಕ್ಷೆಯಿಂದ ದೋಷ ಯಾರಿಗೆ ಬಂದಿದೆ, ಯಾರಿಗಿಲ್ಲ ಎಂದು ಮೊದಲೇ ತಿಳಿಯಬಹುದು. ಬಂದವರು ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೊಸ್ಕೋಪಿಯನ್ನು ಬೇಗ ಶುರುಮಾಡಿ, ನಿಯಮಿತವಾಗಿ ಮಾಡಿಸಿಕೊಂಡರೆ ಗಡ್ಡೆ ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಬೀನ್ಸಿನ ಬೇರಿನಲ್ಲೂ ಬ್ಯಾಕ್ಟೀರಿಯಾದಲ್ಲೂ ಹಳೆಯ ಎಳೆಯನ್ನು ಹೊಸದರಿಂದ ಬೇರ್ಪಡಿಸಲು ಹೊರಟವರ ಕಣ್ಣೆದುರಿಗೆ ಯಾವ ರೋಗವೂ ಇರಲಿಲ್ಲ, ಯಾವ ಔಷಧವೂ ಇರಲಿಲ್ಲ. ಒಂದು ಪ್ರಶ್ನೆಯನ್ನು ಕೊನೆಮುಟ್ಟ ಕೇಳಬೇಕೆಂಬ ಹಟ ಮಾತ್ರ ಇತ್ತು. ಇವತ್ತು ಒಂದು ಕುಟುಂಬದ ನಾಲ್ಕನೆಯ ತಲೆಮಾರು ಕ್ಯಾನ್ಸರಿನಿಂದ ಪಾರಾಗುತ್ತಿದ್ದರೆ ಅದರಲ್ಲಿ ಆ ಹಟದ ಪಾಲೂ ಇದೆ. ಉಪಯೋಗ ಏನು ಎಂದು ಮೊದಲೇ ಕೇಳದೆ ಇಂಥ ಪ್ರಶ್ನೆಗಳಿಗೆ ಹಣವನ್ನೂ ಸಮಯವನ್ನೂ ಕೊಡುವ ಸಮಾಜಕ್ಕೆ ಮಾತ್ರ ಇಂಥ ಫಲ ದಕ್ಕುತ್ತದೆ.